ಪಿಳ್ಳಿಯ ಬಾಯಿ ಮುಚ್ಚಿಸಿದ ಮಾವ

ಒಂದು ಕಾಡಿನಲ್ಲಿ ಬಾಲಯ್ಯ ಅಂತ ಒಬ್ಬ ಮುಸ್ಯ ಇದ್ದ. ಕರಿ ಮೂತಿ ಕೋತಿ. ತನ್ನ ಉದ್ದ ಬಾಲದ ಮೇಲೆ ಅವನಿಗೆ ಎಷ್ಟು ಜಂಬ ಅಂದ್ರೆ, ಮುಖ ತೊಳೆಯೋದು ಮರೆತ್ರೂ ಬಾಲ ಬಾಚೋದು ಮರೀತಿರ್ಲಿಲ್ಲ.

ಅವನ ತಂಗಿ ಸತ್ತುಹೋದಾಗ ಅವಳ ಮಗಳು ಪಿಳ್ಳಿ ಒಬ್ಬಳೇ ಆದ್ಳು. "ಮಾವ ನಾನಿದ್ದೀನಲ್ಲ, ಸಾಕ್ತೀನಿ!" ಅಂತ ಬಾಲಯ್ಯ ಹಿಂಡಿನ ಮುಂದೆ ಎದೆ ಬಡ್ಕೊಂಡ. "ಎಂಥಾ ದೊಡ್ಡ ಮನಸ್ಸಪ್ಪಾ!" ಅಂದ್ರು ಎಲ್ಲರೂ. ದೊಡ್ಡದಾಗಿದ್ದಿದ್ದು ಮನಸ್ಸಲ್ಲ, ಹೊಟ್ಟೆ.

ಆ ಹಿಂಡಲ್ಲಿ ಒಂದು ಕಟ್ಟಳೆ ಇತ್ತು. ಎಲ್ಲರೂ ಅತ್ತಿ ಹಣ್ಣು ತಿನ್ನುವಾಗ ಒಬ್ಬರು ತುದಿ ಕೊಂಬೆ ಮೇಲೆ ಕೂತು ಕಾವಲು ಕಾಯ್ಬೇಕು. ಚಿರತೆ ಕಂಡ್ರೆ ಕೂಗ್ಬೇಕು. ಕಾದವರಿಗೆ ಎಲ್ಲಕ್ಕಿಂತ ಒಳ್ಳೆ ಹಣ್ಣು. ಬಾಲಯ್ಯ ದಿನಾ "ಕಾವಲು ನಂದು" ಅಂತಿದ್ದ. ಆಮೇಲೆ ಎಲೆ ಮರೆಯಲ್ಲಿ ಪಿಳ್ಳೀನ ತುದಿಗೆ ಹತ್ತಿಸಿ, ತಾನು ಕೆಳಗಿನ ಕವಲಲ್ಲಿ ಗೊರಕೆ ಹೊಡೀತಿದ್ದ. ಒಳ್ಳೆ ಹಣ್ಣು ಅವನಿಗೆ. ಹುಳ ಬಿದ್ದಿದ್ದು ಪಿಳ್ಳಿಗೆ.

"ಮಾವ, ಹಸಿವು..."

ಪಟ್ ಅಂತ ಒಂದು ಏಟು. "ಮೇಲಿಂದ ನಿನ್ನ ದನಿ ಬಂದ್ರೆ ಎಲ್ಲರಿಗೂ ಗೊತ್ತಾಗುತ್ತೆ ಕಣೇ! ಬಾಯಿ ಬಿಟ್ಟೀಯೋ, ಕೆಳಕ್ಕೆ ತಳ್ತೀನಿ!"

ಅತ್ರೂ ಏಟು. ನಕ್ರೂ ಏಟು. ಬರ್ತಾ ಬರ್ತಾ ಪಿಳ್ಳಿ ಗಂಟಲಿಂದ ಸದ್ದೇ ಹೊರಡದ ಹಾಗಾಯ್ತು. "ಎಷ್ಟು ಚೆನ್ನಾಗಿ ಬೆಳೆಸಿದ್ದೀನಿ ನೋಡಿ, ಪಿಟಿಕ್ ಅನ್ನಲ್ಲ" ಅಂತ ಮಹಾಶಯ ಮೀಸೆ ತಿರುವಿದ.

ಒಂದು ಮಧ್ಯಾಹ್ನ ಚಿರತೆ ಬಂತು. ಪಿಳ್ಳಿ ನೋಡಿದ್ಳು. ಬಾಯಿ ತೆರೆದ್ಳು. ದನಿ ಬರ್ಲಿಲ್ಲ. ಕೊಂಬೆ ಹಿಡಿದು ಅಲ್ಲಾಡಿಸಿದ್ಳು. "ಥೂ, ಸುಮ್ನಿರೇ" ಅಂತ ಬಾಲಯ್ಯ ಮಗ್ಗುಲು ಬದಲಾಯಿಸಿದ. ಜೋತುಬಿದ್ದಿದ್ದ ಆ ಚೆಂದದ ಬಾಲಾನ ಚಿರತೆ ಹಾರಿ ಕಚ್ಚಿತು. ಅವನು ಮೇಲಕ್ಕೆ ಎಳೆದ, ಅದು ಕೆಳಕ್ಕೆ ಎಳೀತು. ಬಾಲ ಚಿರತೆಗೆ ಹೋಯ್ತು. ಮಿಕ್ಕಿದ್ದು ಮರದ ಮೇಲೆ ಉಳೀತು.

"ಯಾಕೇ ಕೂಗ್ಲಿಲ್ಲ, ದರಿದ್ರದೋಳೆ?" ಅಂತ ಕಿರುಚಿ ಬಾಲಯ್ಯ ಕೈ ಎತ್ತಿದ.

ಪಿಳ್ಳಿ ಎರಡೂ ಕೈಯಿಂದ ತನ್ನ ಬಾಯಿ ಗಟ್ಟಿಯಾಗಿ ಮುಚ್ಕೊಂಡ್ಳು. ಎತ್ತಿದ ಕೈ ಅಲ್ಲೇ ನಿಂತಿತು. ಹಿಂಡೆಲ್ಲ ನೋಡ್ತಿತ್ತು.

"ಓಹೋ, ಕಾವಲುಗಾರರು ಮಲಗಿದ್ರಾ?" ಅಂದ್ಳು ಮುದುಕಿ ಕೆಂಚಜ್ಜಿ. "ಕೂಗೋ ಬಾಯಿಗೆ ಹೊಲಿಗೆ ಹಾಕಿದೋನು ನೀನೇ ಅಲ್ವೇನೋ? ಹೋಗೋ, ಮೊಂಡುಬಾಲ!"

ಪಿಳ್ಳೀನ ಅಜ್ಜಿಯೇ ತನ್ನ ಹತ್ರ ಇಟ್ಕೊಂಡ್ಳು. ಬಾಲಯ್ಯ ಮೊದಮೊದ್ಲು ಬಾಲಕ್ಕೋಸ್ಕರ ಅತ್ತ. ಆಮೇಲೆ ಆ ಮುಚ್ಚಿದ ಪುಟ್ಟ ಬಾಯಿ ಕಣ್ಮುಂದೆ ಬರೋಕೆ ಶುರುವಾಯ್ತು. ಅದಕ್ಕೋಸ್ಕರ ಅತ್ತ. ಹೋಗಿ "ತಪ್ಪಾಯ್ತು ಪಿಳ್ಳಿ" ಅಂದ. ಅವಳು ಅಜ್ಜಿ ಹಿಂದೆ ಅಡಗಿದ್ಳು. ಇನ್ನೇನು, ತಪ್ಪಾಯ್ತು ಅಂದ ತಕ್ಷಣ ಓಡಿ ಬಂದು ತಬ್ಕೋಬೇಕಿತ್ತಾ?

ಅವತ್ತಿಂದ ಕಾವಲು ನಿಜವಾಗ್ಲೂ ಅವನೇ ಕಾದ. ಬಾಲ ಇಲ್ಲದೆ ತೂಕ ತಪ್ಪಿ ಬಿದ್ದ. ಎಲ್ಲರೂ ಬಿದ್ದು ಬಿದ್ದು ನಕ್ರು. ಮತ್ತೆ ಹತ್ತಿದ. ಸಿಕ್ಕಿದ ಹಣ್ಣನ್ನ ಪಿಳ್ಳಿಯ ಕೊಂಬೆ ಮೇಲಿಟ್ಟು, ಅವಳು ಹೆದರದಷ್ಟು ದೂರ ಹೋಗಿ ಕೂರ್ತಿದ್ದ. ಮಳೆಗಾಲ ಬಂತು, ಹೋಯ್ತು.

ಒಂದಿನ ಬಾಲಯ್ಯ ಹೊಳೆಗೆ ಬಗ್ಗಿ ನೀರು ಕುಡೀತಿದ್ದ.

"ಮಾವಾ! ಚಿರತೆ!"

ಪಿಳ್ಳಿಯ ದನಿ! ತುಕ್ಕು ಹಿಡಿದ ಹಾಗೆ ಒರಟಾಗಿತ್ತು. ಅವನು ಒಂದೇ ನೆಗೆತಕ್ಕೆ ಮರ ಹತ್ತಿದ. ನೋಡಿದ್ರೆ ಚಿರತೆ ಅಲ್ಲ, ಬಿಸಿಲು ಬಿದ್ದ ಹಳದಿ ಎಲೆ ಗುಡ್ಡೆ. ಪಿಳ್ಳಿಯ ಕೈ ತಾನಾಗೇ ಬಾಯಿಗೆ ಹೋಯ್ತು.

"ಕೈ ತೆಗಿ ಕಂದ" ಅಂದ ಬಾಲಯ್ಯ, ಹತ್ರ ಹೋಗದೆ. "ಇನ್ನೊಂದ್ಸಲ ಕೂಗು. ಇನ್ನೂ ಜೋರಾಗಿ."

ನೀತಿ: ಮಕ್ಕಳನ್ನ ಹೊಡೆದು ಬಾಯಿ ಮುಚ್ಚಿಸಿದೋರಿಗೆ ಒಂದಿನ ಆ ಪೆಟ್ಟು ವಾಪಸ್ ಬರುತ್ತೆ. ತಪ್ಪಾಯ್ತು ಅಂದ್ರೆ ಸಾಲದು, ಮಕ್ಕಳ ಹೆದರಿಕೆ ಹೋಗೋ ತನಕ ಕಾಯ್ಬೇಕು.