ಮೂರನೆಯ ನಕ್ಷತ್ರ

ನದಿಯ ದಂಡೆಯಲ್ಲೊಂದು ತಗಡಿನ ಶೆಡ್ಡು. ಅದರೊಳಗೆ ಕಾಳಪ್ಪಾಚಾರ್ ಎಂಬ ಗುರು.

ಗುರು ಎಂದ ಕೂಡಲೇ ಜಟೆ, ಕಮಂಡಲು ಹುಡುಕಬೇಡಿ. ಪಂಚೆ, ತೂತುಬಿದ್ದ ಬನಿಯನ್ನು, ಮೂಗಿನ ತುದಿಯಲ್ಲಿ ದಪ್ಪ ಕನ್ನಡಕ, ಉಗುರಿನ ಸಂದಿಯಲ್ಲಿ ಬಣ್ಣ. ಯುದ್ಧದ ಕಾಲದಲ್ಲಿ ಅವರು ಕಾದಾಟದ ವಿಮಾನಗಳಿಗೆ ಬಣ್ಣ ಬಳಿಯುವ ಕೆಲಸದಲ್ಲಿದ್ದರು. ಈಗ ಅವೇ ವಿಮಾನಗಳನ್ನು ಅಂಗೈಯಗಲಕ್ಕೆ ಮಾಡುವುದನ್ನು ಕಲಿಸುತ್ತಿದ್ದರು.

ಕಲಿಯಲು ಬಂದವರಲ್ಲಿ ಹೆಚ್ಚಿನವರು ವಾರದೊಳಗೆ ಕೈಚೆಲ್ಲಿ ಹೋಗುತ್ತಿದ್ದರು. ಚಾಮು ಹೋಗಲಿಲ್ಲ. ಅವಳಿಗೆ ಬೇರೆ ದಾರಿಯಿರಲಿಲ್ಲ.

ಅವಳ ತಂದೆ ಮುದ್ದುರಾಜ ಅರಸು ಅದೇ ಯುದ್ಧದಲ್ಲಿ ವಿಮಾನ ಹಾರಿಸಿದವರು. ಈಗ ಹಾಸಿಗೆ ಹಿಡಿದಿದ್ದರು. ಡಾಕ್ಟರು ಹೆಚ್ಚೆಂದರೆ ಎರಡು ತಿಂಗಳು ಎಂದಿದ್ದರು.

ಮೊದಲ ದಿನ ಚಾಮು ಪ್ಲಾಸ್ಟಿಕ್ ಬಿಡಿಭಾಗಗಳ ಡಬ್ಬವನ್ನು ಗುರುಗಳ ಮುಂದಿಟ್ಟಳು.

“ಅಪ್ಪಾಜಿ ಒಂದೇ ಒಂದು ಕೇಳಿದ್ದಾರೆ, ಗುರುಗಳೇ. ಅವರ ವಿಮಾನಾನ ಇನ್ನೊಂದ್ಸಲ ಕೈಯಲ್ಲಿ ಹಿಡೀಬೇಕಂತೆ. ಅದರ ಮೇಲೆ ಮೂರು ನಕ್ಷತ್ರಾನೂ ಇರ್ಬೇಕಂತೆ. ವಿಮಾನ ನೀನೇ ಮಾಡು, ನಕ್ಷತ್ರ ಮಾತ್ರ ಕಾಳಪ್ಪಾಚಾರಿ ಕೈಯಿಂದಾನೇ ಬರೆಸು ಅಂದ್ರು.”

ಹೊಡೆದು ಬೀಳಿಸಿದ ಒಂದೊಂದು ಶತ್ರು ವಿಮಾನಕ್ಕೆ ಒಂದೊಂದು ಬಿಳಿ ನಕ್ಷತ್ರ. ಅರಸರ ವಿಮಾನದ ಮೇಲೆ ಆಗ ಅವನ್ನು ಬರೆದಿದ್ದವರೂ ಕಾಳಪ್ಪಾಚಾರರೇ.

ಗುರುಗಳು ಡಬ್ಬ ತೆರೆದು ನೋಡಿ, ಮತ್ತೆ ಮುಚ್ಚಿದರು.

“ನಾಳೆಯಿಂದ ಬನ್ನಿ, ಅಮ್ಮಣ್ಣಿ,” ಎಂದರು.

ಚಾಮು ಕತ್ತರಿಸುವುದನ್ನು ಕಲಿತಳು. ಅಂಟು ಹಚ್ಚುವುದನ್ನು ಕಲಿತಳು. ಎರಡು ಹೋಳು ಸೇರಿದ ಗೆರೆ ಕಾಣಬಾರದೆಂದು ಮರಳು ಕಾಗದ ಹಿಡಿದು ಒಂದು ದಿನವಿಡೀ ಉಜ್ಜಿದಳು.

“ನುಣ್ಣಗಾಯ್ತಲ್ಲ, ಗುರುಗಳೇ?”

“ಆಯ್ತು. ತಗಡು ಹಿಡಿದಿಡೋ ಮೊಳೆ ಸಾಲೂ ಅಳಿಸಿಹೋಯ್ತು. ಇದನ್ನ ಹಾರಿಸಿದ್ರೆ ಬಿಚ್ಕೊಂಡು ಬೀಳುತ್ತೆ.”

ಅವಳು ಸೂಜಿ ಹಿಡಿದು, ಅಳಿಸಿಹೋದ ಮೊಳೆಗಳನ್ನು ಒಂದೊಂದೇ ಚುಕ್ಕಿಯಾಗಿ ಮತ್ತೆ ಚುಚ್ಚಿದಳು. ಎರಡು ದಿನ ಹಿಡಿಯಿತು. ಗುರುಗಳು ಅತ್ತ ತಿರುಗಿಯೂ ನೋಡಲಿಲ್ಲ.

ಮೂರು ವಾರಕ್ಕೆ ವಿಮಾನ ಎದ್ದು ನಿಂತಿತು. ಇಂಜಿನ್ನಿನ ಹಿಂದೆ ಇದ್ದಿಲ ಪುಡಿ ತೀಡಿ ಹೊಗೆಯ ಕಲೆಯನ್ನೂ ಮಾಡಿಯಾಗಿತ್ತು. ಚಾಮುವಿಗೆ ತನ್ನ ಕೈಯ ಮೇಲೆ ತನಗೇ ಹೆಮ್ಮೆಯಾಯಿತು. ತಂದೆ ಕಾಯಿಲೆ ಬಿದ್ದ ಮೇಲೆ ಅವಳು ಖುಷಿಪಟ್ಟದ್ದು ಅದೇ ಮೊದಲು.

“ಇನ್ನು ನಕ್ಷತ್ರ ಬರೆದುಕೊಡಿ, ಗುರುಗಳೇ.”

ಗುರುಗಳು ಸಣ್ಣ ಕುಂಚ ತೆಗೆದರು. ತೊಳೆದರು. ಒರೆಸಿ, ಮತ್ತೆ ಡಬ್ಬಿಯೊಳಗೇ ಇಟ್ಟರು.

“ಮೊದಲನೇ ನಕ್ಷತ್ರದ ವಿಮಾನ ಎಲ್ಲಿ?”

“ಯಾವ ವಿಮಾನ?”

“ಬಿದ್ದಿದ್ದು. ಅದನ್ನ ಮಾಡಿ, ನಕ್ಷತ್ರ ಬರೀತೀನಿ. ಮೂರಕ್ಕೂ ಹಾಗೇ.”

“ಅಷ್ಟು ದಿನ ಎಲ್ಲಿದೆ ಗುರುಗಳೇ? ಅಪ್ಪಾಜಿ...”

“ಗೊತ್ತು,” ಎಂದರು ಗುರುಗಳು. “ಅದಕ್ಕೇ ಇವತ್ತೇ ಶುರು ಮಾಡಿ.”

ಚಾಮುವಿಗೆ ಮೈಯೆಲ್ಲ ಉರಿದುಹೋಯಿತು. ಮುದುಕನಿಗೆ ತಲೆ ಕೆಟ್ಟಿದೆ ಎಂದುಕೊಂಡಳು. ತಾನೇ ಮೂರು ನಕ್ಷತ್ರ ಬರೆದು ಕೊಟ್ಟುಬಿಡೋಣ ಎಂದೂ ಅನಿಸಿತು. ಆದರೆ ಸಾಯುವ ತಂದೆಗೆ ಮೋಸ ಮಾಡಲು ಕೈ ಬರಲಿಲ್ಲ.

ಮನೆಗೆ ಹೋಗಿ ತಂದೆಯನ್ನು ಕೇಳಿದಳು.

“ಅಪ್ಪಾಜಿ, ನೀವು ಮೊದಲು ಬೀಳಿಸಿದ ವಿಮಾನ ಹೇಗಿತ್ತು?”

ಅರಸರು ದಿಂಬಿಗೊರಗಿ ಕೂತರು. ಒಂದು ಅಂಗೈಯನ್ನು ತಮ್ಮ ವಿಮಾನ ಮಾಡಿಕೊಂಡರು, ಇನ್ನೊಂದನ್ನು ಶತ್ರುವಿನದು. ಒಂದೇ ಸೀಟಿನದು, ಹಸಿರು ಬಣ್ಣ, ಸೂರ್ಯನ ಕಡೆಯಿಂದ ಹೀಗೆ ಬಂತು, ನಾನು ಹೀಗೆ ತಿರುಗಿಸಿದೆ. ಮದುವೆ ಮನೆಯ ಸುದ್ದಿ ಹೇಳುವವರಂತೆ ಗಂಟೆಗಟ್ಟಲೆ ಹೇಳಿದರು.

ಚಾಮು ಗುರುಗಳ ಬೀರುವಿನಿಂದ ಅದರ ಬಿಡಿಭಾಗ ಹುಡುಕಿ, ವಾರದೊಳಗೆ ಮಾಡಿದಳು. ಗುರುಗಳು ತಿರುಗಿಸಿ ನೋಡಿ, ಅರಸರ ವಿಮಾನದ ಮೇಲೆ ಎಳ್ಳುಕಾಳಿನಷ್ಟು ಒಂದು ನಕ್ಷತ್ರ ಬರೆದರು.

ಎರಡನೆಯದಕ್ಕೆ ಅರಸರು ಅಂಗೈ ಎತ್ತಲಿಲ್ಲ.

“ಬೂದಿ ಬಣ್ಣ,” ಎಂದರು. “ಅದೂ ಒಂದೇ ಸೀಟಿಂದು. ಅವನು ಹಾರ್ಕೊಂಡ. ಪ್ಯಾರಾಚೂಟ್ ಬಿಚ್ಕೊಳ್ಳಲಿಲ್ಲ.” ಆಮೇಲೆ ನೀರು ಕೇಳಿದರು.

ಅದನ್ನೂ ಮಾಡಿದಳು. ಎರಡನೆಯ ನಕ್ಷತ್ರ ಬಂತು.

ಮೂರನೆಯದನ್ನು ಕೇಳಿದಾಗ ಅರಸರು ಗೋಡೆಯ ಕಡೆ ಮಗ್ಗುಲಾದರು. ಮರುದಿನ ಕೇಳಿದಳು. ಅದರ ಮರುದಿನವೂ ಕೇಳಿದಳು. ಕೊನೆಗೆ ಗೋಡೆಯನ್ನೇ ನೋಡುತ್ತ ಒಂದು ಮಾತು ಹೇಳಿದರು.

“ಆಚಾರಿಗೆ ಗೊತ್ತು.”

ಚಾಮು ಅದನ್ನೇ ಬಂದು ಹೇಳಿದಳು. ಗುರುಗಳು ಸ್ಟೂಲು ಹತ್ತಿ, ಬೀರುವಿನ ತಲೆಯ ಮೇಲಿಂದ ಹಳೇ ಪೇಪರಿನಲ್ಲಿ ಸುತ್ತಿದ ಒಂದು ಕಟ್ಟು ಇಳಿಸಿದರು. ಬಿಚ್ಚಿದರೆ ಎರಡು ಹೋಳಾಗಿದ್ದ ಒಂದು ದಪ್ಪ ಹೊಟ್ಟೆಯ ವಿಮಾನ. ಪಕ್ಕದಲ್ಲಿ ಸಾಲಾಗಿ ಕಿಟಕಿಗಳು.

“ಇದರ ಗನ್ ಎಲ್ಲಿ, ಗುರುಗಳೇ?”

“ಇಲ್ಲ.”

“ಬಾಂಬು?”

“ಇಲ್ಲ. ಎಂಟು ಸೀಟು ಮಾಡ್ಬೇಕು.”

ಚಾಮು ಆ ಕಿಟಕಿಗಳನ್ನು ಮತ್ತೆ ನೋಡಿದಳು. ಜನರನ್ನು ಕರೆದೊಯ್ಯುವ ವಿಮಾನ. ಮುಂದೆ ಏನೂ ಕೇಳಲು ಅವಳಿಗೆ ಧೈರ್ಯವಾಗಲಿಲ್ಲ.

ಆ ಕಟ್ಟಿನಲ್ಲಿ ಸೀಟುಗಳಿರಲಿಲ್ಲ. ರಟ್ಟು ಕತ್ತರಿಸಿ ಮಾಡಬೇಕಿತ್ತು. ಒಂದೊಂದು ಸೀಟಿಗೆ ಒಂದೊಂದು ಬೆಲ್ಟು, ದಾರದಷ್ಟು ತೆಳ್ಳಗೆ ಸೀಳಿದ ಕಾಗದದ್ದು. ಚಿಮಟದಲ್ಲಿ ಹಿಡಿದು ಕೂರಿಸುವಾಗ ಚಾಮು ಉಸಿರು ಬಿಗಿ ಹಿಡಿಯುತ್ತಿದ್ದಳು. ಎಂಟಕ್ಕೆ ಒಂಬತ್ತು ದಿನ ಹೋಯಿತು. ಅತ್ತ ಮನೆಯಲ್ಲಿ ತಂದೆಗೆ ಗಂಜಿಯೂ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

“ಎರಡು ಹೋಳು ಅಂಟಿಸಿದ ಮೇಲೆ ಒಳಗಿನ ಬೆಲ್ಟು ಯಾರಿಗೆ ಕಾಣುತ್ತೆ, ಗುರುಗಳೇ?” ಅವಳ ದನಿಯಲ್ಲಿ ಅಳುವಿತ್ತು.

“ಯಾರಿಗೂ ಕಾಣಲ್ಲ. ಅದನ್ನ ಸ್ವಲ್ಪ ಬಿಗಿ ಮಾಡಿ.”

ಅಂಟಿಸಿ ಮುಗಿದ ದಿನ ಅವಳು ನಕ್ಷತ್ರ ಕೇಳಿದಳು. ಗುರುಗಳು ಕುಂಚ ಮುಟ್ಟಲಿಲ್ಲ.

“ಇದನ್ನ ಮೊದಲು ಅವರಿಗೆ ತೋರಿಸಿ.”

ಚಾಮು ಎರಡೂ ವಿಮಾನಗಳನ್ನು ತಂದೆಯ ಹೊದಿಕೆಯ ಮೇಲಿಟ್ಟಳು. ಒಂದು ಕಡೆ ಅವರದೇ ವಿಮಾನ, ಎರಡು ನಕ್ಷತ್ರಗಳೊಂದಿಗೆ. ಇನ್ನೊಂದು ಕಡೆ ದಪ್ಪ ಹೊಟ್ಟೆಯದು.

ಅರಸರು ತಮ್ಮ ವಿಮಾನವನ್ನು ಮುಟ್ಟಲಿಲ್ಲ. ದಪ್ಪ ಹೊಟ್ಟೆಯದನ್ನು ಎರಡು ಕೈಯಲ್ಲಿ ಎತ್ತಿ, ಅದರ ಕಿಟಕಿಯನ್ನು ಕಣ್ಣಿನ ಹತ್ತಿರ ತಂದುಕೊಂಡರು. ಒಂದೊಂದೇ ಕಿಟಕಿಯೊಳಗೆ ಇಣುಕಿದರು.

“ಎಷ್ಟು ಸೀಟು ಮಾಡಿದೀಯ?”

“ಎಂಟು, ಅಪ್ಪಾಜಿ.”

“ಯಾರು ಹೇಳಿದ್ದು ಎಂಟು ಅಂತ?”

“ಆಚಾರ್ರು.”

“ಎಂಟಲ್ಲ,” ಎಂದರು ಅರಸರು. “ಹನ್ನೊಂದು.”

ಚಾಮು ಮಂಚದ ಅಂಚಿನಲ್ಲಿ ಕೂತಳು.

“ಮೋಡದಿಂದ ಹೊರಗೆ ಬಂತು. ಬಾಂಬರ್ ಅನ್ಕೊಂಡೆ. ಕಿಟಕಿ ಕಾಣೋ ಹೊತ್ತಿಗೆ ಬೆರಳು ಒತ್ತಾಗಿತ್ತು. ಮಾರನೇ ದಿನ ಅವರ ರೇಡಿಯೋದಲ್ಲಿ ಸತ್ತವರ ಹೆಸರು ಓದಿದ್ರು. ನಾನು ಎಣಿಸ್ತಾ ಕೂತಿದ್ದೆ. ನಿಮ್ಮಮ್ಮನಿಗೂ ಹೇಳಲಿಲ್ಲ ಕಣವ್ವ. ಯಾರಿಗೂ ಹೇಳಲಿಲ್ಲ.”

ಆಮೇಲೆ ಅರಸರು ಅತ್ತರು. ಅವರು ಅತ್ತದ್ದನ್ನು ಮಗಳು ಅದುವರೆಗೆ ಕಂಡಿರಲಿಲ್ಲ.

ನಾಲ್ಕನೆಯ ದಿನ ಅವರು ತೀರಿಕೊಂಡರು. ನಕ್ಷತ್ರದ ವಿಮಾನವನ್ನು ಒಮ್ಮೆಯೂ ಕೇಳಲಿಲ್ಲ.

ಕರ್ಮಗಳೆಲ್ಲ ಮುಗಿದ ಮೇಲೆ ಚಾಮು ಶೆಡ್ಡಿಗೆ ಬಂದಳು. ಎರಡೂ ವಿಮಾನಗಳನ್ನು ಗುರುಗಳ ಮುಂದೆ ಇಟ್ಟಳು. ನಮಸ್ಕಾರ ಮಾಡಲಿಲ್ಲ.

“ನಗ್ತಾ ಹೋಗ್ಬೇಕಾದವರು ಅಳ್ತಾ ಹೋದ್ರು. ಅದನ್ನ ನನ್ನ ಕೈಯಿಂದಲೇ ಮಾಡಿಸಿದ್ರಿ. ಈಗ ತೃಪ್ತಿ ಆಯ್ತಾ?”

ಗುರುಗಳು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು.

“ಮೊದಲೆರಡು ನಕ್ಷತ್ರ ಬರೆಯುವಾಗ ಸಾಹೇಬ್ರು ನನ್ನ ಪಕ್ಕದಲ್ಲಿ ನಿಂತು ಫೋಟೋ ತೆಗೆಸ್ಕೊಂಡ್ರು. ಮೂರನೇದಕ್ಕೆ ಬರಲೇ ಇಲ್ಲ. ವಿಮಾನದಿಂದ ಇಳಿದಾಗ ಅವರ ಮುಖ ನೋಡಿದ್ದೆ ನಾನು. ಎಂಟು ಜನ ಕೂತಿದ್ದ ವಿಮಾನ ಅಂತ ಅವರಿವರು ಪಿಸುಗುಟ್ಟಿದ್ದೂ ಕಿವಿಗೆ ಬಿತ್ತು. ಆದ್ರೂ ಮೇಲಿನವರು ಬರಿ ಅಂದ್ರು, ಬರೆದೆ.”

“ಅದು ನಿಮ್ಮ ಸಂಕಟ. ಸಾಯೋರನ್ನ ಯಾಕೆ ಅದಕ್ಕೆ ಎಳೆದ್ರಿ?”

“ನಕ್ಷತ್ರ ಬರೆಯೋರು ಊರು ತುಂಬ ಇದ್ದಾರೆ, ಅಮ್ಮಣ್ಣಿ. ನಿಮ್ಮನ್ನ ನನ್ನ ಹತ್ರಾನೇ ಯಾಕೆ ಕಳಿಸಿದ್ರು?”

ಚಾಮು ನಕ್ಷತ್ರದ ವಿಮಾನವನ್ನು ಅವರ ಕಡೆ ತಳ್ಳಿದಳು. ಅವಳ ಸಿಟ್ಟು ಇಳಿದಿರಲಿಲ್ಲ.

“ಮೂರನೇದು ಬರೀತೀರೋ ಇಲ್ವೋ, ಅಷ್ಟು ಹೇಳಿಬಿಡಿ. ತಗೊಂಡು ಹೋಗ್ತೀನಿ.”

ಗುರುಗಳು ಅದಕ್ಕೆ ಉತ್ತರಿಸದೆ ದಪ್ಪ ಹೊಟ್ಟೆಯ ವಿಮಾನದ ಕಡೆ ಕೈ ತೋರಿಸಿದರು.

“ಇದನ್ನ ನೋಡಿ ಸಾಹೇಬ್ರು ಏನಾದ್ರೂ ಅಂದ್ರಾ?”

“ಎಂಟಲ್ಲ ಅಂದ್ರು. ಹನ್ನೊಂದು ಅಂದ್ರು.”

“ಹನ್ನೊಂದಾ?” ಎಂದರು ಗುರುಗಳು. ಇಷ್ಟು ವರ್ಷವೂ ಅವರು ಎಂಟೇ ಜನಕ್ಕಾಗಿ ದುಃಖಪಟ್ಟಿದ್ದರು.

ಅವರು ನಕ್ಷತ್ರದ ವಿಮಾನವನ್ನು ಪಕ್ಕಕ್ಕೆ ಸರಿಸಿದರು. ದಪ್ಪ ಹೊಟ್ಟೆಯದನ್ನು ಹತ್ತಿರ ಎಳೆದುಕೊಂಡು, ಅಂಟಿಸಿದ ಗೆರೆಯ ಮೇಲೆ ಚಾಕುವಿನ ಮೊನೆ ಊರಿ, ನಿಧಾನವಾಗಿ ಸೀಳಿ ಎರಡು ಹೋಳು ಮಾಡಿದರು.

“ಕೂತ್ಕೊಳ್ಳಿ, ಅಮ್ಮಣ್ಣಿ,” ಎಂದರು. “ಇನ್ನೂ ಮೂರು ಸೀಟು ಮಾಡ್ಬೇಕು.”