ಮಳೆ ಬರುವವರೆಗಿನ ಕೋಟೆ

"ಮೇಷ್ಟ್ರೇ, ಕೊನೆಯ ಸರದಿಯವರೆಗೆ ಕೋಟೆಯನ್ನು ಉಳಿಸಿಕೊಳ್ಳುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಹಳೆಯ ಕಾಲದ ಮುತ್ತಿಗೆಗಳನ್ನು ಹಲಗೆಯ ಮೇಲೆ ಕಾಯಿಗಳಿಟ್ಟು ಆಡುವ ಆಟ ಅದು. ಮಳೆಗಾಲ ಶುರುವಾಗುವ ಸರದಿಗೆ ಆಟ ಮುಗಿಯುತ್ತದೆ. ಅಲ್ಲಿಯವರೆಗೆ ಕೋಟೆ ಬೀಳದಿದ್ದರೆ ಒಳಗಿದ್ದವನು ಗೆದ್ದ. ಮರುದಿನದ ಪಂದ್ಯದಲ್ಲಿ ಶಿಷ್ಯನ ಪಾಲಿಗೆ ಕೋಟೆ ಬಂದಿತ್ತು. ಮೇಷ್ಟ್ರೂ ಅವನೂ ಟೀ ಅಂಗಡಿಯ ಬೆಂಚಿನ ಮೇಲೆ ಹಲಗೆ ಹರಡಿಕೊಂಡು ಕೂತಿದ್ದರು.

"ಕೋಟೆಯ ವಿಷಯ ನನ್ನನ್ನೇ ಕೇಳಬೇಕು," ಎಂದರು ಮೇಷ್ಟ್ರು. "ನಮ್ಮ ಮುತ್ತಜ್ಜ ಒಬ್ಬನೇ ದಿಡ್ಡಿಬಾಗಿಲಲ್ಲಿ ನಿಂತು ಒಂದಿಡೀ ದಂಡನ್ನು ಹಿಂದಕ್ಕೆ ಕಳಿಸಿದವನು. ಹಾಗೆ ಕಣ್ಣರಳಿಸಬೇಡ, ಸುಳ್ಳು. ಅವನು ಹುಲ್ಲಿನ ಬಣವೆಯಲ್ಲಿ ಅಡಗಿ ಕೂತಿದ್ದನಂತೆ. ಅದೂ ನಮ್ಮಜ್ಜಿ ಹೇಳಿದ್ದು, ನಂಬುವ ಹಾಗಿಲ್ಲ. ನಿನ್ನ ಉಪಾಯವೇನು, ಹೇಳು."

"ಮೊದಲ ಸರದಿಯಲ್ಲೇ ಸುತ್ತಲಿನ ಹಳ್ಳಿಗಳ ಕಾಯಿಗಳನ್ನೆಲ್ಲ ಎತ್ತಿ ಕೋಟೆಯ ದಾಸ್ತಾನಿಗೆ ಸೇರಿಸುತ್ತೇನೆ. ನಿಯಮದಲ್ಲಿ ಅದಕ್ಕೆ ಅಡ್ಡಿಯಿಲ್ಲ. ಹಳ್ಳಿ ಹೋದರೆ ಅಂಕ ಹೋಗುವುದಿಲ್ಲ."

"ಜಾಣ," ಎಂದು ಮೇಷ್ಟ್ರು ಕತೆ ಹೇಳಿದರು.

ಗಡಿಯ ಒಂದು ಕೋಟೆಗೆ ಒಬ್ಬ ಕಿಲ್ಲೇದಾರನಿದ್ದ. ಕೋಟೆಯ ಮುಂದೆ ಹೊಳೆ. ಹೊಳೆಯಾಚೆ ವೈರಿಯ ಸೀಮೆ. ಒಂದು ಬೇಸಿಗೆ, ಹೊಳೆ ಬತ್ತಿದಾಗ, ವೈರಿಯ ದಂಡು ದಾಟಿ ಬರುವ ಸುದ್ದಿ ಹಬ್ಬಿತು. ಒಡೆಯನಿಂದ ಕಿಲ್ಲೇದಾರನಿಗೆ ಒಂದೇ ಅಪ್ಪಣೆ ಬಂತು: ಮಳೆ ಬರುವವರೆಗೆ ಕೋಟೆ ಬಿಡಬೇಡ. ಹೊಳೆ ತುಂಬಿದರೆ ವೈರಿಗೆ ಮರಳುವ ದಾರಿ ಇಲ್ಲ. ಮೋಡ ಕಟ್ಟಿದ ಕೂಡಲೇ ಅವನು ಡೇರೆ ಕೀಳಲೇಬೇಕು.

ಸುತ್ತಲಿನ ಹಳ್ಳಿಯವರು ಎತ್ತು, ನೇಗಿಲು, ಬಿತ್ತನೆಯ ರಾಗಿ ಕಟ್ಟಿಕೊಂಡು ಕೋಟೆಯೊಳಗೆ ಬಂದು ಸೇರಿದರು. ದಂಡು ಬಂದು ಸುತ್ತುವರಿಯಿತು.

ಕಿಲ್ಲೇದಾರ ದಡ್ಡನಲ್ಲ. ಹುಲ್ಲು ಕಡಿಮೆಯಾದಾಗ ಎತ್ತುಗಳ ಮೇವನ್ನು ಕುದುರೆಗಳಿಗೆ ಹಾಕಿಸಿದ. ಎತ್ತುಗಳು ಒಂದೊಂದಾಗಿ ಬಿದ್ದವು. ಬಾಗಿಲು ಬಿರುಕು ಬಿಟ್ಟಾಗ ನೇಗಿಲು ನೊಗಗಳನ್ನು ಮುರಿಸಿ ಅದಕ್ಕೆ ಒತ್ತುಕೊಡಿಸಿದ. ಕಣಜ ಖಾಲಿಯಾದಾಗ ಬಿತ್ತನೆಯ ರಾಗಿಯೊಂದೇ ಉಳಿಯಿತು. ಅದರ ಮಡಕೆಗಳಿಗೆ ಬೆನ್ನು ಕೊಟ್ಟು ಒಬ್ಬ ರೈತ ಕೂತಿದ್ದ.

"ಏಳು," ಎಂದ ಕಿಲ್ಲೇದಾರ.

"ಬುದ್ಧಿ, ಇದು ಬೀಜದ ರಾಗಿ. ಹುಳ ಹಿಡೀದಿರಲಿ ಅಂತ ಬೂದಿ ಬೆರೆಸಿದ್ದೀವಿ. ನಿಮ್ಮವರ ಬಾಯಿಗೆ ರುಚಿಸೋದಿಲ್ಲ."

"ಹಸಿದಿದ್ದಾರೆ, ರುಚಿಸುತ್ತೆ. ಮಳೆ ಬರಲಿ. ಆಮೇಲೆ ಬಂದು ಕೇಳು, ಕೊಡಿಸೋಣ."

"ಮಳೆ ಬಂದಮೇಲೆ ಕೇಳೋದೇನು ಬುದ್ಧಿ? ಆವತ್ತು ಇದು ನಮ್ಮ ಕೈಯಲ್ಲಿರಬೇಕು."

"ಗೋಡೆಯಾಚೆ ಇರುವವನಿಗೂ ಹೀಗೇ ಹೇಳಿ ನೋಡು. ಮರುಗಿ ಹೊರಟುಹೋದಾನು."

ಸಿಪಾಯಿಗಳು ನಕ್ಕರು. ಮಡಕೆಗಳನ್ನು ಎತ್ತಿಕೊಂಡು ಹೋದರು.

ಮೇಷ್ಟ್ರು ಇಲ್ಲಿ ಒಂದು ಗುಟುಕು ಟೀ ಕುಡಿದರು. "ಆಗ ನಾನೂ ಅಲ್ಲೇ ಪಕ್ಕದಲ್ಲಿದ್ದೆ ಎನ್ನಬಹುದಿತ್ತು. ಇವತ್ತು ಅನ್ನುವುದಿಲ್ಲ," ಎಂದು ಕತೆ ಮುಂದುವರಿಸಿದರು.

ಕೋಟೆ ಉಳಿಯಿತು. ಪಡುವಣದಲ್ಲಿ ಮೋಡ ಕಟ್ಟಿತು. ವೈರಿ ಡೇರೆ ಕಿತ್ತು ಹೊಳೆ ದಾಟಿಕೊಂಡ. ಅವನ ಬೆನ್ನಿಗೇ ಮಳೆ ಸುರಿಯಿತು. ಕಿಲ್ಲೇದಾರ ಕೊತ್ತಲದ ಮೇಲೆ ನಿಂತು ನಗಾರಿ ಹೊಡೆಸಿದ.

ಅವನಿಗೆ ಮಳೆ ಕೊನೆ. ಹಳ್ಳಿಯವರಿಗೆ ಮಳೆಯೇ ಮೊದಲು. ಅವರು ಹೋಗಿ ತಮ್ಮ ತಮ್ಮ ಹೊಲದಲ್ಲಿ ನಿಂತರು. ನೆಲ ಚೆನ್ನಾಗಿ ನೆನೆದಿತ್ತು. ಉಳಲು ಎತ್ತಿರಲಿಲ್ಲ, ಬಿತ್ತಲು ಕಾಳಿರಲಿಲ್ಲ. ಕೋಟೆಯ ಬಾಗಿಲಿಗೆ ಬಂದು ಕೇಳಿದರು. ಕೊಡಿಸಲು ಅಲ್ಲಿಯೂ ಏನೂ ಇರಲಿಲ್ಲ. ಅವರು ನೋಡುತ್ತಿದ್ದಂತೆ ಹೊಲದ ಹದ ಆರಿತು.

ಹೊಳೆ ತುಸು ಇಳಿದಾಗ ಹಳ್ಳಿಗಳು ಗಂಟುಮೂಟೆ ಹೊತ್ತು ದಡಕ್ಕೆ ಬಂದವು. ಕಿಲ್ಲೇದಾರ ಓಡಿಬಂದ. ಹರಿಗೋಲಿನ ಬಳಿ ಅದೇ ರೈತ ನಿಂತಿದ್ದ.

"ಎಲ್ಲಿಗೆ ಹೊರಟಿರಿ?"

"ಆಚೆ ದಡಕ್ಕೆ, ಬುದ್ಧಿ. ಅಲ್ಲಿ ಬಿತ್ತನೆ ಮುಗಿದು ಪೈರು ಎದ್ದಿದೆಯಂತೆ. ಕಳೆ ಕೀಳಲು ಆಳು ಬೇಕಂತೆ."

"ಸೋತು ಓಡಿದವನ ಹತ್ತಿರವೇ? ಗೆದ್ದವರು ನಾವು."

"ಹೌದು ಬುದ್ಧಿ, ಗೆದ್ದಿರಿ. ನಗಾರಿ ಹೊಲದವರೆಗೂ ಕೇಳಿಸಿತು."

ರೈತ ಕೈಮುಗಿದು ಹರಿಗೋಲು ಹತ್ತಿದ.

ಮುಂದಿನ ಬೇಸಿಗೆಯಲ್ಲಿ ಹೊಳೆ ಮತ್ತೆ ಬತ್ತಿತು. ಕಿಲ್ಲೇದಾರ ಆಚೆ ದಡದ ಮೇಲೆ ಕಣ್ಣಿಟ್ಟು ಕಾದ. ವೈರಿ ಬರಲಿಲ್ಲ. ಈಚೆ ದಡದಲ್ಲಿ ಕೊಳ್ಳೆ ಹೊಡೆಯುವಂಥದ್ದು ಏನೂ ಇರಲಿಲ್ಲ.

ಕತೆ ನಿಂತಿತು. ಶಿಷ್ಯ ಹಲಗೆಯನ್ನು ನೋಡಿ, "ಆದರೆ ಮೇಷ್ಟ್ರೇ, ಆ ರಾಗಿಯನ್ನು ಮುಟ್ಟದೆ ಬಿಟ್ಟಿದ್ದರೆ ಕೋಟೆ ಬೀಳುತ್ತಿತ್ತಲ್ಲವೇ?" ಎಂದ.

"ಬೀಳುತ್ತಿತ್ತೇನೋ," ಎಂದರು ಮೇಷ್ಟ್ರು. "ನೀನು ಉಳಿಸುವ ಕೋಟೆಯಲ್ಲಿ, ಆಟ ಮುಗಿದ ಮಾರನೆಯ ಬೆಳಿಗ್ಗೆ ಯಾರಿರುತ್ತಾರೆ?"

ಮೇಷ್ಟ್ರು ಲೋಟ ಕೆಳಗಿಟ್ಟು ಎದ್ದು ಚಪ್ಪಲಿ ಮೆಟ್ಟಿಕೊಂಡರು.

"ನಿಧಾನವಾಗಿ ಯೋಚಿಸು. ಹೋಗುವಾಗ ನನ್ನ ಟೀ ದುಡ್ಡನ್ನೂ ಕೊಟ್ಟುಬಿಡು."