ತೆನೆಯ ಅಚ್ಚು, ಹಕ್ಕಿಯ ಅಚ್ಚು

"ಅಕ್ಕನವರೇ, ನಾನೂ ಮಹಾನಂದಾಳೂ ಒಂದೇ ದಿನ ಆಶ್ರಮಕ್ಕೆ ಬಂದವರು. ಒಂದೇ ಪಾಠವನ್ನು ನಿಮ್ಮ ಬಾಯಿಂದಲೇ ಕೇಳಿದವರು. ಮಹಾನಂದಾ ಪ್ರವಚನಕ್ಕೆ ಕುಳಿತರೆ ಸಭಾಂಗಣ ಸಾಲುವುದಿಲ್ಲ. ನಾನು ಕುಳಿತರೆ ಖಾಲಿ ಚಾಪೆಗಳೇ ಹೆಚ್ಚು. ಅವಳಲ್ಲಿರುವುದು ನನ್ನಲ್ಲಿ ಏನಿಲ್ಲ?"

ಹೀಗೆ ಕೇಳಿದವಳು ಶಿವಲೀಲಾ. ಅವಳು ಕಲ್ಯಾಣಮ್ಮನವರ ಬಳಿ ಏಳು ವರ್ಷ ಕಲಿತ ಶಿಷ್ಯೆ. ಆಶ್ರಮದವರೆಲ್ಲ ಕಲ್ಯಾಣಮ್ಮನವರನ್ನು ಅಕ್ಕನವರು ಎಂದೇ ಕರೆಯುತ್ತಿದ್ದರು.

ಅಕ್ಕನವರು ಹೀರೇಕಾಯಿಯ ಸಿಪ್ಪೆ ತೆಗೆಯುತ್ತಿದ್ದರು. ಕೈ ನಿಲ್ಲಿಸಲಿಲ್ಲ.

"ಈ ಪ್ರಶ್ನೆ ಹುಟ್ಟಿ ಎಷ್ಟು ದಿನವಾಯಿತು?"

"ಹೋದ ಶ್ರಾವಣದಿಂದ ಇದೆ."

"ಅಷ್ಟು ದಿನ ಹೊಟ್ಟೆಯಲ್ಲಿ ಕೆಂಡ ಇಟ್ಟುಕೊಂಡು ಊಟ ಹೇಗೆ ಮಾಡಿದೆಯೇ ತಾಯಿ?"

ಶಿವಲೀಲಾ ನಗಲಿಲ್ಲ. "ಈ ಸೋಮವಾರದಿಂದ ನನ್ನ ಸರದಿಯನ್ನೂ ಅವಳಿಗೇ ಕೊಟ್ಟುಬಿಡಿ. ನಾನು ಅಡುಗೆಮನೆಯಲ್ಲಿ ಇರುತ್ತೇನೆ" ಎಂದಳು.

ಅಕ್ಕನವರು ಇನ್ನೊಂದು ಹೀರೇಕಾಯಿ ಎತ್ತಿಕೊಂಡು ಅವಳ ಕೈಗೆ ಕೊಟ್ಟರು. "ಕೂತುಕೋ. ಸಿಪ್ಪೆ ತೆಗೆಯುತ್ತಾ ಕೇಳು. ಹಿಂದೆ ನಾನು ಸರ್ವಧರ್ಮ ಸಭೆಗೆಂದು ಇಟಲಿ ದೇಶಕ್ಕೆ ಹೋಗಿದ್ದೆನಲ್ಲ, ಆಗ ಒಂದು ಸಣ್ಣ ಊರಿನಲ್ಲಿ ಒಂದು ತಿಂಗಳು ಇದ್ದೆ. ನಾನಿದ್ದ ಓಣಿಯಲ್ಲಿ ಒಂದು ಬೇಕರಿ ಇತ್ತು. ಆ ಬೇಕರಿಯ ಅತ್ತೆ ಸೊಸೆಯರ ಕತೆ ಇದು" ಎಂದು ಹೇಳತೊಡಗಿದರು.

ನಮ್ಮಲ್ಲಿ ಬ್ರೆಡ್ಡು ಜ್ವರ ಬಂದವರ ಊಟ. ಅಲ್ಲಿ ಹಾಗಲ್ಲ. ನಮಗೆ ಜೋಳದ ರೊಟ್ಟಿ ಹೇಗೋ ಆ ಊರಿನವರಿಗೆ ಬ್ರೆಡ್ಡು ಹಾಗೆ. ಅದು ಇಲ್ಲದೆ ಎಲೆಯ ಮುಂದೆ ಕೂರುವವರಿಲ್ಲ. ಗಟ್ಟಿ ತೊಗಟೆಯ, ಮಗುವಿನ ತಲೆಯಷ್ಟು ದೊಡ್ಡ ಬ್ರೆಡ್ಡು. ದಿನ ಬೆಳಿಗ್ಗೆ ಬಿಸಿ ಇರುವಾಗಲೇ ಮನೆಗೆ ಒಯ್ಯಬೇಕು. ಆ ಓಣಿಯ ಜನ ಬೇರೆ ಓಣಿಯ ಬ್ರೆಡ್ಡು ಮುಟ್ಟುತ್ತಿರಲಿಲ್ಲ. ಈ ಬೇಕರಿಯ ಮೇಲೆ ಅವರಿಗೆ ಅಷ್ಟು ಪ್ರೀತಿ.

ಆ ಊರಿನಲ್ಲಿ ಒಂದು ಹಳೆಯ ಪದ್ಧತಿ ಇತ್ತು. ಹಿಂದಿನ ಕಾಲದಲ್ಲಿ ಯಾರ ಮನೆಯಲ್ಲೂ ಬ್ರೆಡ್ಡು ಬೇಯಿಸುವ ಭಟ್ಟಿ ಇರಲಿಲ್ಲ. ಹೆಂಗಸರು ಮನೆಯಲ್ಲಿ ಹಿಟ್ಟು ನಾದಿ, ಊರಿಗೆಲ್ಲ ಇದ್ದ ಒಂದೇ ಭಟ್ಟಿಗೆ ತರುತ್ತಿದ್ದರು. ಒಬ್ಬರದು ಇನ್ನೊಬ್ಬರಿಗೆ ಹೋಗಬಾರದೆಂದು ಪ್ರತಿ ಮನೆಯವರೂ ತಮ್ಮ ತಮ್ಮ ಮರದ ಅಚ್ಚು ಒತ್ತುತ್ತಿದ್ದರು. ಕಾಲ ಹೋಯಿತು, ಊರಭಟ್ಟಿ ಹೋಯಿತು. ಈ ಬೇಕರಿಯಲ್ಲಿ ಮಾತ್ರ ಪದ್ಧತಿ ಉಳಿಯಿತು. ಹಿಟ್ಟು ಯಾರು ನಾದಿದರೋ ಅವರ ಅಚ್ಚೇ ಬ್ರೆಡ್ಡಿನ ಮೇಲೆ.

ಬೇಕರಿಯನ್ನು ನಡೆಸುತ್ತಿದ್ದವಳು ಒಬ್ಬ ವಿಧವೆ. ಮೂವತ್ತು ವರ್ಷದಿಂದ ಅವಳ ತಾಯಿ ಕೊಟ್ಟ ತೆನೆಯ ಅಚ್ಚೇ ಅಲ್ಲಿ ಬೀಳುತ್ತಿತ್ತು. ಮಗನಿಗೆ ಮದುವೆಯಾಯಿತು. ಸೊಸೆ ಬಂದಳು. ಬರುವಾಗ ತವರಿನ ಅಚ್ಚನ್ನೂ ತಂದಳು. ಅದರಲ್ಲಿ ಒಂದು ಹಕ್ಕಿ ಇತ್ತು. ಅತ್ತೆಯೇ ಅವಳಿಗೆ ನಾದುವ ಹಲಗೆ ಕೊಟ್ಟಳು. "ದಿನಕ್ಕೆ ನಿನ್ನದು ಮೂವತ್ತು ಬ್ರೆಡ್ಡು, ನನ್ನದು ಮೂವತ್ತು" ಎಂದಳು. ಅದೇ ಹಿಟ್ಟು, ಅದೇ ನೀರು, ಹುದುಗಲು ಹಾಕುವ ಹುಳಿಯೂ ಒಂದೇ ಮಡಕೆಯದು.

ಮೊದಲ ವರ್ಷ ಜನ ಹಕ್ಕಿಯ ಬ್ರೆಡ್ಡನ್ನು ಕುತೂಹಲಕ್ಕೆ ಕೊಂಡರು. ಎರಡನೆಯ ವರ್ಷ ಕೇಳಿ ಕೊಂಡರು. ಮೂರನೆಯ ವರ್ಷ ಚರ್ಚಿನ ಗಡಿಯಾರ ಎಂಟು ಹೊಡೆಯುವ ಮೊದಲೇ ಹಕ್ಕಿಯ ಹಲಗೆ ಬರಿದಾಗುತ್ತಿತ್ತು. ತೆನೆ ಮಧ್ಯಾಹ್ನದವರೆಗೆ ಕುಳಿತಿರುತ್ತಿತ್ತು.

"ಹಕ್ಕಿ ಇದೆಯೇ?"

"ಮುಗಿಯಿತು. ತೆನೆ ಇದೆ."

"ಹೋಗಲಿ, ಅದನ್ನೇ ಕೊಡು."

ಅತ್ತೆ ಒಳಗೆ ಭಟ್ಟಿಯ ಮುಂದೆ ನಿಂತು ಈ ಮಾತು ಕೇಳುತ್ತಿದ್ದಳು. 'ಹೋಗಲಿ' ಎಂಬ ಒಂದು ಮಾತು ಅವಳಿಗೆ ದಿನಕ್ಕೆ ಹತ್ತು ಸಲ ಚುಚ್ಚುತ್ತಿತ್ತು. ಮೂವತ್ತು ವರ್ಷ ಈ ಓಣಿಯ ಬಾಯಿಗೆ ಅನ್ನ ಇಟ್ಟವಳು ನಾನು, ಈಗ ನಾನು 'ಹೋಗಲಿ' ಆದೆನೇ ಎಂದು ಕುದಿದಳು.

ಕಾರಣ ಹುಡುಕಿದಳು. ಸೊಸೆ ಗಿರಾಕಿಗಳ ಜೊತೆ ಹಲ್ಲು ಕಿರಿಯುತ್ತಾಳೆ, ಅದಕ್ಕೆ ಇರಬೇಕು ಎಂದುಕೊಂಡಳು. ಬ್ರೆಡ್ಡು ಮಾರುವ ಮುಂದಿನ ಕಟ್ಟೆಯಲ್ಲಿ ತಾನೇ ನಿಂತು ಒಂದು ವಾರ ಎಲ್ಲರೊಡನೆ ನಕ್ಕಳು. ಹಕ್ಕಿಯೇ ಮೊದಲು ಖಾಲಿಯಾಯಿತು. ಸೊಸೆಗೆ ಚೀಲದ ತಳದ ಹಿಟ್ಟು ಕೊಟ್ಟಳು. ಹಕ್ಕಿಯೇ ಮೊದಲು ಖಾಲಿಯಾಯಿತು. ಸೊಸೆಯ ಬ್ರೆಡ್ಡನ್ನು ಭಟ್ಟಿಯ ತಣ್ಣನೆಯ ಮೂಲೆಗೆ ತಳ್ಳಿದಳು. ಬಿಳಿಚಿಕೊಂಡು ಹೊರಗೆ ಬಂತು. "ಆಹಾ, ಇವತ್ತು ಎಷ್ಟು ಮೆತ್ತಗಿದೆ!" ಎಂದು ಜನ ಅದನ್ನೂ ಹೊಗಳಿಕೊಂಡು ಹೋದರು.

ಒಂದು ದಿನ ಸೊಸೆಯೇ ಮಾತು ತೆಗೆದಳು. "ಅತ್ತೆ, ನಾಳೆಯಿಂದ ನಾನು ಇಪ್ಪತ್ತೇ ಮಾಡಲೇ? ಆಗ ನಿಮ್ಮದೂ ಬೇಗ ಹೋಗುತ್ತದೆ."

ಸೊಸೆ ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದಳು. ಗಾಯದ ಮೇಲೆ ಉಪ್ಪು ಬೀಳಲು ಕೆಟ್ಟ ಮನಸ್ಸೇ ಬೇಕೆಂದಿಲ್ಲ.

"ನನ್ನ ಬ್ರೆಡ್ಡಿಗೆ ನೀನು ಗಿರಾಕಿಗಳನ್ನು ದಾನ ಕೊಡುತ್ತೀಯಾ?" ಎಂದಳು ಅತ್ತೆ. "ನಿನ್ನ ಕೈ ಏನೂ ಚಿನ್ನದ್ದಲ್ಲ. ಜನ ಹಕ್ಕಿಯನ್ನು ತಿನ್ನುತ್ತಾರೆ, ಬ್ರೆಡ್ಡನ್ನಲ್ಲ."

ಹಾಗೆಂದ ಮೇಲೆ ಅದನ್ನು ತೋರಿಸಿಯೇ ತೀರಬೇಕು ಎಂದು ಅತ್ತೆಗೆ ಎನಿಸಿತು.

ಆ ಬೇಕರಿಯಲ್ಲಿ ಭಟ್ಟಿಯ ಕೆಲಸ ಅತ್ತೆಯದು. ಸೊಸೆ ಹಿಟ್ಟು ನಾದಿ, ಉಂಡೆ ಕಟ್ಟಿ, ಹಲಗೆಯ ಮೇಲೆ ಇಟ್ಟು ಮುಂದಿನ ಬಾಗಿಲು ತೆರೆಯಲು ಹೋಗುತ್ತಿದ್ದಳು. ಅಚ್ಚು ಒತ್ತಿ ಭಟ್ಟಿಗೆ ಹಾಕುವವಳು ಅತ್ತೆ. ಮರುದಿನ ಬುಧವಾರ. ಅತ್ತೆ ತನ್ನ ಮೂವತ್ತಕ್ಕೆ ಹಕ್ಕಿಯನ್ನು ಒತ್ತಿದಳು. ಸೊಸೆಯ ಮೂವತ್ತಕ್ಕೆ ತೆನೆಯನ್ನು ಒತ್ತಿದಳು. ಭಾನುವಾರದವರೆಗೆ ಹೀಗೇ ಮಾಡುವುದು, ಚರ್ಚಿನ ಪೂಜೆ ಮುಗಿಸಿ ಓಣಿಯವರೆಲ್ಲ ಒಟ್ಟಿಗೆ ಬಂದಾಗ ಎಲ್ಲರ ಎದುರು ಗುಟ್ಟು ಬಿಡುವುದು. ಇದು ಅವಳ ಲೆಕ್ಕ.

ಹಕ್ಕಿ ಎಂಟಕ್ಕೆ ಮೊದಲೇ ಖಾಲಿಯಾಯಿತು. ತೆನೆ ಉಳಿಯಿತು.

ಅತ್ತೆಯ ಎದೆ ಹಗುರವಾಯಿತು. ಆದರೆ ಅರ್ಧ ಗಂಟೆಯ ಮಟ್ಟಿಗೆ ಮಾತ್ರ. ಮುಂದೆ ಕಟ್ಟೆಯಲ್ಲಿ ಒಬ್ಬಳು ಹೇಳುತ್ತಿದ್ದಳು, "ಮಗಳೇ, ಇವತ್ತಿನದು ಘಮಘಮ ಅನ್ನುತ್ತಿದೆ. ದಿನದಿನಕ್ಕೆ ನಿನ್ನ ಕೈ ಪಳಗುತ್ತಿದೆ ನೋಡು." ಸೊಸೆ ತಲೆ ತಗ್ಗಿಸಿ ಚಿಲ್ಲರೆ ಎಣಿಸಿ ಕೊಟ್ಟಳು. ತಾನು ನಾದಿದ್ದು, ತಾನು ಬೇಯಿಸಿದ್ದು, ಹೊಗಳಿಕೆ ಇನ್ನೊಬ್ಬಳ ಸೆರಗಿಗೆ ಬಿತ್ತು. ಗುರುವಾರವೂ ಹಾಗೆ, ಶುಕ್ರವಾರವೂ ಹಾಗೆ. ಶನಿವಾರದ ಹೊತ್ತಿಗೆ ಅತ್ತೆಗೆ ತನ್ನ ಬ್ರೆಡ್ಡನ್ನು ಕಂಡರೇ ಆಗದು. ಅದು ಭಟ್ಟಿಯಿಂದ ಚೆಂದವಾಗಿ ಉಬ್ಬಿ ಬಂದರೆ ಹೊಟ್ಟೆಗೆ ಬೆಂಕಿ ಬಿದ್ದಂತಾಗುತ್ತಿತ್ತು. ತನ್ನ ಕೈಯ ಬ್ರೆಡ್ಡಿನ ಮೇಲೆ ತಾನೇ ಹೊಟ್ಟೆಕಿಚ್ಚುಪಟ್ಟವಳು ಆ ಊರಿನಲ್ಲಿ ಅವಳೊಬ್ಬಳೇ ಇರಬೇಕು.

ಭಾನುವಾರ ಬಂತು. ಅತ್ತೆ ಕೈ ತೊಳೆದು, ಒಗೆದ ಬಟ್ಟೆ ಉಟ್ಟು ಮುಂದಿನ ಕಟ್ಟೆಗೆ ಬಂದಳು. ಅಂಗಡಿ ತುಂಬಿತ್ತು.

"ಎಲ್ಲರೂ ಕೇಳಿ" ಎಂದಳು. "ಬುಧವಾರದಿಂದ ನೀವು ಹಕ್ಕಿ ಹಕ್ಕಿ ಎಂದು ಒಯ್ಯುತ್ತಿರುವುದು ನಾನು ಮಾಡಿದ್ದು. ಸೊಸೆ ಮಾಡಿದ್ದು ಅಗೋ, ತೆನೆಯ ಹಲಗೆಯಲ್ಲಿ ಮಿಕ್ಕಿದೆ. ಅಚ್ಚು ಬದಲಿಸಿದವಳು ನಾನೇ."

ಜನ ಕೈಯಲ್ಲಿದ್ದ ಬ್ರೆಡ್ಡನ್ನು ತಿರುಗಿಸಿ ನೋಡಿದರು. ಆಮೇಲೆ ಒಬ್ಬ ಹೆಂಗಸು, "ಅದಕ್ಕೇ ನನಗೆ ಮೊನ್ನೆಯಿಂದ ತೊಗಟೆ ಸ್ವಲ್ಪ ಕರಕಲು ಅನಿಸುತ್ತಿತ್ತು" ಎಂದಳು. ಎರಡು ದಿನದ ಹಿಂದೆ ಅದೇ ತೊಗಟೆಯನ್ನು ಹೊಗಳಿದವಳು ಅವಳೇ. ಹಿಂದೆ ನಿಂತಿದ್ದ ಗಂಡಸೊಬ್ಬನಿಗೆ ಅವಸರ. "ಯಾರು ನಾದಿದರೇನಮ್ಮ, ಮನೆಯಲ್ಲಿ ನೆಂಟರು ಕೂತಿದ್ದಾರೆ. ಹಕ್ಕಿ ಎರಡು ಕೊಡು ಬೇಗ" ಎಂದ.

ಎಲ್ಲರೂ ನಕ್ಕರು. ಸಾಲು ಮುಂದೆ ಸರಿಯಿತು. ಹಕ್ಕಿ ಖಾಲಿಯಾಯಿತು. ಜನ ಹೊರಟುಹೋದರು.

ಅತ್ತೆ ಕಟ್ಟೆ ಹಿಡಿದುಕೊಂಡು ನಿಂತಳು. ಗೆದ್ದೆನೋ ಸೋತೆನೋ ಅವಳಿಗೇ ತಿಳಿಯಲಿಲ್ಲ.

ಆಗ ಒಬ್ಬ ಮುದುಕ ಒಳಗೆ ಬಂದ. ಅವನು ಕಲ್ಲು ಕೆತ್ತುವವನು. ಪೂಜೆಗೆ ಹೋಗುವವನಲ್ಲ, ಹಾಗಾಗಿ ಈ ಗಲಾಟೆ ಒಂದೂ ಅವನಿಗೆ ಗೊತ್ತಿರಲಿಲ್ಲ. ಚೀಲದಿಂದ ಅರ್ಧ ಬ್ರೆಡ್ಡು ತೆಗೆದು ಕಟ್ಟೆಯ ಮೇಲಿಟ್ಟ. ಅದರ ಮೇಲೆ ತೆನೆಯ ಗುರುತು ಇತ್ತು.

"ತಂಗೀ, ಮೈಯಲ್ಲಿ ಹುಷಾರಿಲ್ಲವೇ?"

"ಯಾಕಣ್ಣ?"

"ನಾಲ್ಕು ದಿನವಾಯಿತು, ಇದು ನಿನ್ನ ಕೈಯದಲ್ಲ. ನೀನು ತೊಗಟೆಯನ್ನು ಒಂದಿಷ್ಟು ಹೆಚ್ಚೇ ಕೆಂಪಗೆ ಮಾಡುತ್ತೀ. ಅಗಿದರೆ ಕೊನೆಗೆ ಚೂರು ಕಹಿ ಬರುತ್ತದೆ. ನನಗೆ ಅದಿಲ್ಲದೆ ಊಟ ಇಳಿಯುವುದಿಲ್ಲ. ಇದನ್ನು ಮಾಡಿದವರ ಕೈಯೂ ಒಳ್ಳೆಯದೇ. ಆದರೆ ನಾನು ಇಷ್ಟು ವರ್ಷ ತಿಂದದ್ದು ನಿನ್ನದನ್ನು."

ಅತ್ತೆ ಕಟ್ಟೆಯಿಂದ ಕೈ ತೆಗೆದಳು. ತಿರುಗಿ ಹಕ್ಕಿಯ ಹಲಗೆ ನೋಡಿದಳು. ಅವಳು ನಾದಿದ್ದು ಒಂದೂ ಉಳಿದಿರಲಿಲ್ಲ. ಮೂವತ್ತೂ ಓಣಿಯ ಪಾಲಾಗಿತ್ತು.

"ನನ್ನದು ಮುಗಿದುಹೋಯಿತಣ್ಣ" ಎಂದಳು. ಮೂರು ವರ್ಷದಿಂದ ಈ ಮಾತನ್ನು ಆಡಬೇಕೆಂದು ಅವಳು ಕಾದಿದ್ದಳು.

"ಇರಲಿ ಬಿಡು" ಎಂದ ಮುದುಕ. "ಮಂಗಳವಾರದ ಒಂದು ತುಂಡು ಮನೆಯಲ್ಲಿದೆ. ನೀರಿನಲ್ಲಿ ನೆನೆಸಿ ತಿನ್ನುತ್ತೇನೆ. ನಾಳೆ ನೀನೇ ನಾದು." ಅರ್ಧ ಬ್ರೆಡ್ಡನ್ನು ಚೀಲಕ್ಕೆ ಹಾಕಿಕೊಂಡು ಹೋದ.

ಸೊಸೆ ತೆನೆಯ ಹಲಗೆಯ ಪಕ್ಕ ಕುಳಿತಿದ್ದಳು. ಅವಳ ಹದಿನೇಳು ಬ್ರೆಡ್ಡು ಹಾಗೇ ಇದ್ದವು. ಅತ್ತೆ ಅವಳ ಮುಖ ನೋಡಲಾರದೆ, "ನಿನಗೆ ಅನ್ಯಾಯ ಮಾಡಿದೆ" ಎಂದಳು.

"ಮೊದಲ ದಿನವೇ ಗೊತ್ತಾಗಿತ್ತು ಅತ್ತೆ. ನಾನು ನಾದಿದ ಹಿಟ್ಟು ನನಗೆ ತಿಳಿಯುವುದಿಲ್ಲವೇ?"

"ಮತ್ತೆ ಯಾಕೆ ಬಾಯಿ ಬಿಡಲಿಲ್ಲ?"

"ಯಾರಾದರೂ ಒಬ್ಬರು ಬಂದು 'ಇದು ನಿನ್ನ ಕೈಯದಲ್ಲ' ಅನ್ನಲಿ ಎಂದು ಕಾದೆ. ದಿನಕ್ಕೆ ಮೂವತ್ತು ಜನ ಬಂದರು. ಎಲ್ಲರೂ ನನ್ನನ್ನು ಹೊಗಳಿದರು. ಒಬ್ಬರೂ ಆ ಮಾತು ಆಡಲಿಲ್ಲ. ನಿಮಗೆ ಒಬ್ಬನಿದ್ದಾನೆ."

"ಅವನೇ? ಅವನ ಬಾಯಲ್ಲಿ ಇರುವುದು ನಾಲ್ಕು ಹಲ್ಲು!"

"ಇರಲಿ ಅತ್ತೆ" ಎಂದಳು ಸೊಸೆ. ಅವಳ ಕಣ್ಣು ತುಂಬಿತ್ತು. "ಆ ನಾಲ್ಕು ಹಲ್ಲಿನ ಸಲುವಾಗಿ ಇವತ್ತು ನನಗೆ ನಿಮ್ಮನ್ನು ಕಂಡರೆ ಹೊಟ್ಟೆಕಿಚ್ಚು."

ಅಕ್ಕನವರು ಇಲ್ಲಿಗೆ ನಿಲ್ಲಿಸಿದರು. ಬುಟ್ಟಿಯ ಹೀರೇಕಾಯಿ ಮುಗಿದಿತ್ತು.

"ಆಮೇಲೆ?" ಎಂದಳು ಶಿವಲೀಲಾ.

"ಆಮೇಲೆ ಏನು? ಸೋಮವಾರ ಅವರವರ ಅಚ್ಚು ಅವರವರದರ ಮೇಲೆ ಬಿತ್ತು. ಹಕ್ಕಿ ಎಂಟಕ್ಕೆ ಮುಗಿಯಿತು. ತೆನೆ ಮಧ್ಯಾಹ್ನದವರೆಗೆ ಇತ್ತು. ನಾನು ಇದ್ದ ತಿಂಗಳೂ ಹಾಗೆಯೇ ಇತ್ತು. ಅತ್ತೆ ಬೆಳಿಗ್ಗೆ ಹಾಡಿಕೊಂಡು ನಾದುತ್ತಿದ್ದಳು. ಪಕ್ಕದ ಮನೆಯಲ್ಲಿದ್ದ ನನಗೆ ಅದರಿಂದಲೇ ಎಚ್ಚರವಾಗುತ್ತಿತ್ತು."

ಶಿವಲೀಲಾ ಸಿಪ್ಪೆಗಳನ್ನು ಒಟ್ಟುಮಾಡಿದಳು. ನಿಟ್ಟುಸಿರು ಬಿಟ್ಟು, "ಆ ಅತ್ತೆ ಪುಣ್ಯವಂತೆ ಅಕ್ಕನವರೇ. ನನಗೆ ಅಂಥ ಒಬ್ಬನೂ ಇಲ್ಲ" ಎಂದಳು.

ಅಕ್ಕನವರು ಏಳುತ್ತಾ ಒಂದು ಮಾತು ಕೇಳಿದರು:

"ಖಾಲಿ ಚಾಪೆಗಳನ್ನು ಎಣಿಸಿದೆಯಲ್ಲ, ಹೋದ ಸೋಮವಾರ ನಿನ್ನ ಪ್ರವಚನಕ್ಕೆ ಒಬ್ಬರು ಕೊನೆಯವರೆಗೂ ಕುಳಿತಿದ್ದರಲ್ಲ, ಅವರು ಯಾರು?"